ಸಿಗ್ನೆಯ ಕಿಟಕಿ

ಚಳ್ಳಕೆರೆ
2-2-1997

ಪ್ರಿಯ ರೂಪ,

ಇದರ ಜೊತೆ ಬಂದಿರುವ ಪುಸ್ತಕ ನೋಡಿ, ಮೇಡಂಗೆ ರಿಟೈರಾಗುವ ಮೊದಲೇ ಬುದ್ಧಿ ಕೆಟ್ಟಿತು ಎಂದುಕೊಳ್ಳಬೇಡ. ಹೌದು, ಕೊಲೆಯ ಕಾದಂಬರಿಯೇ. ಸ್ವೀಡನ್ ದೇಶದ್ದು, ಕನ್ನಡಕ್ಕೆ ‘ಹೆಪ್ಪುಗಟ್ಟಿದ ಕೆರೆ’ ಎಂಬ ಹೆಸರಿನಲ್ಲಿ ಬಂದಿದೆ. ನಮ್ಮ ಓದುಗರ ಬಳಗ ಈ ಸಲ ಇದನ್ನು ಆರಿಸಿಕೊಂಡಿದೆ. ಪಿಯುಸಿಯಲ್ಲಿ ನನ್ನ ಕನ್ನಡ ತರಗತಿಯಲ್ಲಿ ಎದ್ದು ನಿಂತು ವಾದಕ್ಕೆ ಬರುತ್ತಿದ್ದವಳು ನೀನೊಬ್ಬಳೇ. ಮೊಳಕಾಲ್ಮೂರಿಗೆ ಮದುವೆಯಾಗಿ ಹೋದ ಮೇಲೆ ಮಗ್ಗ ನಿನ್ನನ್ನು ಓದಲು ಬಿಟ್ಟಿದೆಯೋ ಇಲ್ಲವೋ ತಿಳಿಯದು. ಬಿಡುವು ಮಾಡಿಕೊಂಡು ಓದಿ ಅಭಿಪ್ರಾಯ ಬರೆ.

ಇಲ್ಲಿ ಆಗಲೇ ಎರಡು ಪಕ್ಷವಾಗಿದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಒಂದು ಕೆರೆ, ಮಂಜು ಕರಗಿದಾಗ ಅದರಲ್ಲಿ ಒಬ್ಬ ಹುಡುಗಿಯ ಹೆಣ ಸಿಗುತ್ತದೆ. ಇಂಗೆಲಾ ಎಂಬ ಮಹಿಳಾ ಇನ್‌ಸ್ಪೆಕ್ಟರ್ ಕೊಲೆಗಾರನನ್ನು ಹುಡುಕುತ್ತಾಳೆ. ಕೆರೆಯ ದಡದ ಮನೆಯಲ್ಲಿರುವ ಸಿಗ್ನೆ ಎಂಬ ಮುದುಕಿ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿರುತ್ತಾಳೆ, ಆದರೆ ಬಹಳ ದಿನ ಬಾಯಿ ಬಿಡುವುದಿಲ್ಲ. ನಮ್ಮ ಬಳಗದ ತಿಪ್ಪೇರುದ್ರಪ್ಪನವರು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. “ಒಂದೇಟೂ ಹೊಡೀದಂಗೆ ಕೇಸು ಬಿಡಿಸ್ತಾಳೆ ಆಯಮ್ಮ. ಬರೀ ಕಾಫಿ ಕುಡೀತಾಳೆ. ಇದೇನು ಪೊಲೀಸ್ ಕಥೆನೇನ್ರಿ?” ಎಂದರು. ನನ್ನಿವಾಳದಿಂದ ಬರುವ ಅಂಗನವಾಡಿಯ ಸಿದ್ದಕ್ಕ, “ನಮ್ಮ ಕೆರೇಲಿ ನೀರೇ ಇಲ್ಲ, ಅವರ ಕೆರೆ ಮೇಲೆ ಕಾರು ಓಡ್ಸಬೌದಂತೆ, ಎಂಥಾ ದೇಶನವ್ವ” ಎಂದು ಅದನ್ನೇ ಯೋಚಿಸುತ್ತಾ ಕೂತಳು. ರೇಷ್ಮೆ ವ್ಯಾಪಾರದ ನಾಗಭೂಷಣ ಕೊನೆಯ ಪುಟ ಮೊದಲು ಓದಿಬಿಟ್ಟಿದ್ದಾರೆ. ನನ್ನ ಅಭಿಪ್ರಾಯ ಇಷ್ಟೇ: ಕೊಂದವನಿಗಿಂತ ಆ ಮುದುಕಿಯೇ ಹೆಚ್ಚು ತಪ್ಪಿತಸ್ಥೆ.

ಒಪ್ಪದಿದ್ದರೆ ಬರೆ. ಒಪ್ಪಿದರೂ ಬರೆ.

ನಿನ್ನ
ಶಾಂತಕುಮಾರಿ


ಮೊಳಕಾಲ್ಮೂರು
23-2-1997

ಪೂಜ್ಯ ಮೇಡಂ ಅವರಿಗೆ,

ಪುಸ್ತಕ ತಲುಪಿತು. ಮಧ್ಯಾಹ್ನ ಕರೆಂಟು ಹೋಗಿ ಎಲ್ಲರೂ ಮಲಗಿದಾಗ ಓದಿ ಮುಗಿಸಿದೆ. ಹೆಸರುಗಳು ಮೊದಮೊದಲು ನಾಲಿಗೆಗೆ ಸಿಗಲಿಲ್ಲ. ನಮ್ಮತ್ತೆ ಪಾತಮ್ಮನಿಗೆ ಕಥೆ ಹೇಳುವಾಗ ಇಂಗೆಲಾಳನ್ನು ಇಂಗಳಮ್ಮ ಮಾಡಿಬಿಟ್ಟೆ. ಅತ್ತೆಗೆ ಆಕೆ ಹಿಡಿಸಿದಳು. “ಗಂಡ ಇಲ್ಲೇಮೋ ಆಕೆಗೆ, ಅದಕೇ ಅಷ್ಟು ಓಡಾಡ್ತಾಳೆ” ಅಂದರು. ನಮ್ಮ ಮನೆಯಲ್ಲಿ ತೆಲುಗು ಕನ್ನಡ ಎರಡೂ ಒಂದೇ ಸೀರೆಯ ಹಾಸುಹೊಕ್ಕಿನಂತೆ ಸೇರಿಕೊಂಡಿವೆ.

ಮೇಡಂ, ನಿಮ್ಮ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ.

ಬರೆದವರಿಗೆ ಸಿಗ್ನೆಯ ಮೇಲೆ ಮೊದಲಿನಿಂದಲೂ ಸಿಟ್ಟು. ಇಂಗೆಲಾ ಕಾಫಿಗೆ ಎಷ್ಟು ಸಕ್ಕರೆ ಹಾಕುತ್ತಾಳೆಂದು ಅವರಿಗೆ ಗೊತ್ತು. ಆದರೆ ಕೊಲೆಯನ್ನು ನೋಡಿದ ಮರುದಿನ ಸಿಗ್ನೆ ಅದೇ ಕಿಟಕಿಯ ಮುಂದೆ ನಿಂತು ಹೇಗೆ ಒಲೆ ಹಚ್ಚಿದಳು ಎಂದು ಒಂದು ಸಾಲೂ ಬರೆದಿಲ್ಲ. ಕೊಲೆಗಾರ ಅವಳ ಊರಿನವನು. ಅವಳ ಮನೆ ಬಾಗಿಲ ಹಿಮ ಗುಡಿಸಿ ಕೊಡುವವನೂ ಅವನೇ. ಇಂಗೆಲಾ ಕೇಸು ಮುಗಿಸಿ ಪಟ್ಟಣಕ್ಕೆ ಹೋಗುತ್ತಾಳೆ. ಸಿಗ್ನೆ ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು. ಪೊಲೀಸರು ಮೊದಲ ಸಲ ಬಂದಾಗ ಸಿಗ್ನೆಯ ಮಗನನ್ನು ಮಾತ್ರ ಕೇಳಿ ಹೋಗುತ್ತಾರೆ. ಅವಳು ಪಕ್ಕದಲ್ಲೇ ಬಟ್ಟಲು ತೊಳೆಯುತ್ತಿರುತ್ತಾಳೆ. ನೀವು ಆ ಪುಟವನ್ನು ಮತ್ತೆ ನೋಡಿ. ಗೋಡೆಯಾಚೆ ನಡೆದದ್ದನ್ನು ಒಬ್ಬ ಹೆಂಗಸು ಕಣ್ಣಾರೆ ಕಂಡಿರಬಹುದು, ಅವಳನ್ನು ಯಾರೂ ಕೇಳದೇ ಇರಬಹುದು. ಹಾಗೆ ಕೇಳದೇ ಬಿಟ್ಟವರ ಹೆಸರನ್ನು ಯಾವ ಕಾದಂಬರಿಯೂ ತಪ್ಪಿತಸ್ಥರ ಸಾಲಿನಲ್ಲಿ ಬರೆಯುವುದಿಲ್ಲ.

ಉಳಿದಂತೆ ಪುಸ್ತಕ ಚೆನ್ನಾಗಿದೆ. ಇಲ್ಲಿ ಎಲ್ಲರೂ ಕ್ಷೇಮ.

ನಿಮ್ಮ ವಿದ್ಯಾರ್ಥಿನಿ
ರೂಪ


ಚಳ್ಳಕೆರೆ
12-3-1997

ಪ್ರಿಯ ರೂಪ,

ನಿನ್ನ ಕಾಗದ ಓದಿ ಆ ದಿನವೆಲ್ಲ ಖುಷಿಯಲ್ಲಿದ್ದೆ. ಮಗ್ಗ ನಿನ್ನನ್ನು ನುಂಗಿಲ್ಲ. ಭಾನುವಾರದ ಸಭೆಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ನನ್ನ ವಿದ್ಯಾರ್ಥಿನಿ, ಮೊಳಕಾಲ್ಮೂರಿನ ರೂಪ ಎಂದು ಹೆಮ್ಮೆಯಿಂದಲೇ ಹೇಳಿದೆ. ಗೋಡೆಯಾಚೆಯ ಮಾತು ಬಂದಾಗ, “ಈ ಹುಡುಗಿ ಬರೀ ಪುಸ್ತಕ ಓದಿ ಬರ್ದಂಗಿಲ್ಲ” ಎಂದರು ತಿಪ್ಪೇರುದ್ರಪ್ಪ. ನಾಗಭೂಷಣ ನಿನ್ನ ಗಂಡನ ಹೆಸರು, ಬೀದಿ ಎಲ್ಲ ಕೇಳಿದರು. ಅವರು ಅಲ್ಲಿಗೆ ಸೀರೆಗೆ ಬಂದು ಹೋಗುತ್ತಾರಂತೆ.

ಆದರೂ ನಾನು ಸೋಲೊಪ್ಪುವುದಿಲ್ಲ. ಹೆದರಿಕೆ ಎಲ್ಲರಿಗೂ ಇರುತ್ತದೆ. ಸಿಗ್ನೆಗೆ ವಯಸ್ಸಾಗಿದೆ, ಕಳೆದುಕೊಳ್ಳುವುದೇನೂ ಇಲ್ಲ. ಒಂದು ಮಾತು ಹೇಳಲು ಏನು ಕಷ್ಟ? ಮುಂದಿನ ಸಭೆಗೆ ಇದಕ್ಕೆ ಉತ್ತರ ಬರೆ.

ನಿನ್ನ
ಶಾಂತಕುಮಾರಿ


ಮೊಳಕಾಲ್ಮೂರು
30-4-1997

ಮೇಡಂ,

ನಿಮ್ಮ ಕಾಗದವನ್ನು ನನ್ನ ಗಂಡ ಒಡೆದು ಓದಿದರು. ಅದಕ್ಕೂ ಮೊದಲೇ ನಾಗಭೂಷಣ ಎಂಬುವವರು ನಮ್ಮ ಬೀದಿಗೆ ಬಂದು, ಈರೇಶನ ಹೆಂಡತಿ ಗೋಡೆಯಾಚೆ ಏನೋ ಕಂಡಿದ್ದಾಳಂತೆ, ಚಳ್ಳಕೆರೆಯಲ್ಲಿ ಸಭೆ ಸೇರಿಸಿ ಓದಿದರು ಎಂದು ಹೇಳಿ ಹೋಗಿದ್ದರು. ಪುಸ್ತಕ ಒಲೆಗೆ ಹೋಯಿತು. ಕ್ಷಮಿಸಿ, ಅದು ಬಳಗದ್ದು.

ನಾನು ಬರೆದದ್ದು ನಿಮಗೆ, ಸಭೆಗಲ್ಲ.

ಒಂದು ಕೇಳುತ್ತೇನೆ, ನೇರವಾಗಿ ಉತ್ತರಿಸಿ. ನಮ್ಮ ಪಕ್ಕದ ಮನೆಯ ವಿಷಯ ನಿಮಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೇ ನನಗೆ ಆ ಪುಸ್ತಕ ಕಳಿಸಿದಿರಾ? ನನ್ನನ್ನು ಪರೀಕ್ಷೆ ಮಾಡಲು?

ಇನ್ನು ಮುಂದೆ ಮನೆಗೆ ಬರೆಯಬೇಡಿ. ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ತರಗತಿ ನಡೆಸುವ ಜಗದಾಂಬ ಅವರ ವಿಳಾಸಕ್ಕೆ ಬರೆದರೆ ನನಗೆ ಕೊಡುತ್ತಾರೆ.

ರೂಪ


ಚಳ್ಳಕೆರೆ
5-5-1997

ರೂಪ,

ನನಗೆ ಏನೂ ಗೊತ್ತಿರಲಿಲ್ಲ. ನಿನ್ನ ಪಕ್ಕದ ಮನೆಯಲ್ಲಿ ಯಾರಿದ್ದಾರೆಂದೂ ಗೊತ್ತಿಲ್ಲ. ಕೊಲೆಯ ಕಥೆ ಓದಿ ವಾದ ಮಾಡಿದರೆ ನಿನಗೆ ಸ್ವಲ್ಪ ಬೇಸರ ಕಳೆಯಲಿ ಎಂದು ಕಳಿಸಿದೆ, ಅಷ್ಟೇ. ನಿನ್ನ ಮಾತನ್ನು ಜಾಣ ಅಭಿಪ್ರಾಯವೆಂದು ತಿಳಿದೆ. ತಿಪ್ಪೇರುದ್ರಪ್ಪನವರಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ನಾಗಭೂಷಣರನ್ನು ಕೇಳಿದೆ. “ಅಯ್ಯೋ, ಮಾತಿಗೆ ಅಂದೆ ಮೇಡಂ” ಎಂದರು.

ನಿನಗೆ ಇಷ್ಟವಿದ್ದರೆ ಮಾತ್ರ ಬರೆ. ನೀನು ಏನು ಬರೆದರೂ ಈ ಮನೆಯ ಹೊಸ್ತಿಲು ದಾಟುವುದಿಲ್ಲ.

ಶಾಂತಕುಮಾರಿ


ಮೊಳಕಾಲ್ಮೂರು
14-5-1997

ಪೂಜ್ಯ ಮೇಡಂ ಅವರಿಗೆ,

ನಿಮ್ಮ ಮಾತನ್ನು ನಂಬುತ್ತೇನೆ. ಇದನ್ನು ಜಗದಾಂಬ ಅವರ ತರಗತಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಪಕ್ಕದ ಮನೆ ಅಶ್ವಥ್ ಅವರದು. ನನ್ನ ಗಂಡನ ಚಿಕ್ಕಪ್ಪನ ಮಗ. ಎರಡು ಮನೆಗೂ ಹಿತ್ತಲಿನಲ್ಲಿ ಎದೆಯೆತ್ತರದ ಒಂದೇ ಗೋಡೆ. ಅವರ ಹೆಂಡತಿ ಪುಷ್ಪಾ ಪರಶುರಾಂಪುರದ ಕಡೆಯವಳು. ಕಳೆದ ದೀಪಾವಳಿ ಆದ ವಾರ ತೀರಿಕೊಂಡಳು. ಮಗ್ಗದ ಗುಂಡಿಗೆ ಕಾಲು ಜಾರಿ ಬಿದ್ದಳು, ಮಗ್ಗದ ಮರ ತಲೆಗೆ ಬಡಿಯಿತು ಎಂದು ಮನೆಯವರು ಹೇಳಿದರು. ನಮ್ಮ ಮಗ್ಗಗಳು ನಿಮಗೆ ಗೊತ್ತಲ್ಲ, ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಗುಂಡಿ ಇರುತ್ತದೆ. ಹಾಗೆ ಬೀಳುವುದು ಆಗದ ಮಾತೇನಲ್ಲ. ಪೊಲೀಸರು ಬಂದರು, ಬೀದಿಯ ಗಂಡಸರನ್ನು ಕೇಳಿದರು, ಬರೆದುಕೊಂಡು ಹೋದರು.

ಅವಳು ಬಿದ್ದದ್ದು ಗುಂಡಿಯಲ್ಲಲ್ಲ ಮೇಡಂ. ನಾನು ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು ಹಿತ್ತಲ ನೆರಳಿನಲ್ಲಿ ಹರವುತ್ತಿದ್ದೆ. “ತವರಿಗೆ ಹೋಗ್ತೀನಿ, ಇವತ್ತೇ ಹೋಗ್ತೀನಿ” ಎಂದು ಪುಷ್ಪಾ ಅನ್ನುತ್ತಿದ್ದಳು. ಅಶ್ವಥ್ ಅವಳ ಜಡೆ ಹಿಡಿದು ತಲೆಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದರು. ಕೈತಪ್ಪಿದ್ದಲ್ಲ. ಮತ್ತೆ ಬಡಿದರು. ಅವಳನ್ನು ಒಳಗೆ ಎಳೆದುಕೊಂಡು ಹೋದರು. ನಾನು ಸುತ್ತು ಹಾಕಿ ಮುಂಬಾಗಿಲಿಗೆ ಓಡುವಷ್ಟರಲ್ಲಿ ಗುಂಡಿಗೆ ಬಿದ್ದಳು ಎಂಬ ಅಳು ಎದ್ದಿತ್ತು.

ಆ ಸಂಜೆಯೇ ನನ್ನ ಗಂಡನಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು, “ಅವ್ನು ನಮ್ಮ ರಕ್ತ ಕಣೇ. ಸತ್ತೋಳು ವಾಪಸ್ ಬರ್ತಾಳಾ? ನೀನು ಕಂಡಿಲ್ಲ, ನಾನು ಕೇಳಿಲ್ಲ” ಅಂದರು. ಈಗ ನಾಗಭೂಷಣರ ದಯದಿಂದ ಬೀದಿಗೇ ಗೊತ್ತಾಗಿದೆ. ಅಶ್ವಥ್ ಬಂದು ನಮ್ಮ ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದು, “ಅತ್ತಿಗೆ ಭಾಳ ಓದ್ತಾರಂತೆ” ಎಂದು ನಕ್ಕು ಹೋದರು. ಹಿರಿಯರು ಸೇರಿ, ಪುಸ್ತಕ ಓದಿ ತಲೆಕೆಟ್ಟು ಬರೆದೆ ಎಂದು ನಾನು ಎಲ್ಲರೆದುರು ಹೇಳಿಬಿಟ್ಟರೆ ಮುಗಿಯಿತು ಎಂದಿದ್ದಾರೆ.

ಹಾಗೆ ಹೇಳುವುದು ಬಹಳ ಸುಲಭ. ಅದಕ್ಕೇ ಹೇಳಬಾರದು ಅನ್ನಿಸುತ್ತಿದೆ.

ರೂಪ


ಚಳ್ಳಕೆರೆ
20-5-1997

ಪ್ರಿಯ ರೂಪ,

ನಿನ್ನ ಕಾಗದ ಬಂದ ಮೇಲೆ ಎರಡು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಧೈರ್ಯವಾಗಿ ಹೇಳು ಎಂದು ಬರೆದಿದ್ದೆ. ಅದು ಇಂಗೆಲಾಳ ಮಾತು, ಕೇಸು ಮುಗಿಸಿ ಹೊರಟುಹೋಗುವವಳದು. ಎರಡನೆಯದರಲ್ಲಿ ಸುಮ್ಮನಿರು ಎಂದು ಬರೆದಿದ್ದೆ. ಅದನ್ನು ನಾನೇ ಓದಲಾರದೆ ಹೋದೆ.

ಸಿಗ್ನೆಯ ಬಗ್ಗೆ ಬಳಗದಲ್ಲಿ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಾರಣ ಹೇಳಲಿಲ್ಲ. ಮತ್ತೆ ಓದಿದೆ, ಅಭಿಪ್ರಾಯ ಬದಲಾಯಿತು ಎಂದೆ. ತಿಪ್ಪೇರುದ್ರಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಸಭೆ ಮುಗಿದ ಮೇಲೆ ನಿಂತು ಹೇಳಿದರು: “ಮೇಡಂ, ನಾನೇನೂ ಕೇಳಲ್ಲ. ಆ ಹುಡುಗಿ ಹೇಳ್ಬೇಕು ಅಂತ ಗಟ್ಟಿ ಮಾಡ್ಕಂಡ್ರೆ, ಇಲ್ಲಿ ಚಳ್ಳಕೆರೆಲಿ ದೊಡ್ಡ ಸಾಹೇಬರ ಆಫೀಸೈತೆ. ನಾನು ಕರ್ಕಂಡು ಹೋಗ್ತೀನಿ. ಒಂದ್ಸಲ ಹೇಳಿದ ಮೇಲೆ ಕೋರ್ಟಿನಾಗೂ ಅದನ್ನೇ ಹೇಳ್ಬೇಕು. ಅದನ್ನ ಯೋಚ್ನೆ ಮಾಡ್ಲಿ.”

ಇಲ್ಲಿಗೆ ಬಂದರೆ ನನ್ನ ಮನೆ ಇದೆ. ಬಾರದಿದ್ದರೂ ನೀನು ನನ್ನ ರೂಪಳೇ.

ಬಳಗ ಚೆನ್ನಾಗಿ ನಡೆಯುತ್ತಿದೆ. ಅದರ ಚಿಂತೆ ಬೇಡ.

ಶಾಂತಕುಮಾರಿ


ಮೊಳಕಾಲ್ಮೂರು
29-6-1997

ಪೂಜ್ಯ ಮೇಡಂ ಅವರಿಗೆ,

ನಿಮ್ಮ ಮನೆಯಿಂದ ಬಂದ ಮೇಲೆ ಇದೇ ಮೊದಲ ಕಾಗದ. ತಿಪ್ಪೇರುದ್ರಪ್ಪನವರ ಜೊತೆ ಹೋಗಿ ದೊಡ್ಡ ಸಾಹೇಬರ ಮುಂದೆ ಕಂಡದ್ದನ್ನೆಲ್ಲ ಹೇಳಿ ಬರೆಸಿದ್ದನ್ನು ನೀವು ನೋಡಿದಿರಿ.

ಅಶ್ವಥ್‌ರನ್ನು ಕರೆದುಕೊಂಡು ಹೋದರು. ಪುಷ್ಪಾಳ ಪೋಸ್ಟ್‌ಮಾರ್ಟಂ ವರದಿಯಲ್ಲಿ ತಲೆಯ ಹಿಂದೆ ಒಂದಕ್ಕಿಂತ ಹೆಚ್ಚು ಪೆಟ್ಟು ಎಂದು ಇತ್ತಂತೆ. ಅದರ ಜೊತೆ ಸೇರಿಸಲು ಕಂಡವರ ಮಾತು ಇರಲಿಲ್ಲ, ಈಗ ಸೇರಿದೆ.

ಈರೇಶ್ ಧರ್ಮಾವರಕ್ಕೆ ಹೋಗಿದ್ದಾರೆ, ಅಲ್ಲಿ ಮಗ್ಗದ ಕೆಲಸ ಸಿಕ್ಕಿತಂತೆ. ಇಲ್ಲಿ ನಮಗೆ ರೇಷ್ಮೆ ಕೊಡುತ್ತಿದ್ದವರು ಕೊಡುವುದನ್ನು ನಿಲ್ಲಿಸಿದ್ದಾರೆ. ನಾನು ಜಗದಾಂಬ ಅವರ ಬಳಿ ರವಿಕೆ ಹೊಲಿಯುತ್ತೇನೆ. ಅತ್ತೆ ಮನೆಯಲ್ಲೇ ಇದ್ದಾರೆ, ನನ್ನೊಂದಿಗೆ ಮಾತಾಡುವುದಿಲ್ಲ. ಅನ್ನ ಬಡಿಸಿಟ್ಟು ಬಟ್ಟಲನ್ನು ಸದ್ದಾಗುವಂತೆ ಕೆಳಗಿಡುತ್ತಾರೆ. ಬಂದು ಉಣ್ಣು ಎಂದು ಅದರ ಅರ್ಥ.

ನನ್ನನ್ನು ಬಂದು ನೋಡಬೇಡಿ. ಬೇರೆ ಊರಿನವರು ಹೇಳಿಕೊಟ್ಟು ಹೇಳಿಸಿದರು ಅನ್ನುತ್ತಾರೆ. ಇದು ನನ್ನ ಮಾತಾಗಿಯೇ ಉಳಿಯಬೇಕು.

ರೂಪ


ಚಳ್ಳಕೆರೆ
27-9-1998

ಪ್ರಿಯ ರೂಪ,

ನನಗೂ ಸಮನ್ಸ್ ಬಂದಿದೆ. ನಿನ್ನ ಕಾಗದವನ್ನು ಸಭೆಯಲ್ಲಿ ಓದಿದವಳು ನಾನಲ್ಲವೇ. ನೀನು ಸಾಕ್ಷಿ ಹೇಳುವ ದಿನವೇ ನಾನೂ ಚಿತ್ರದುರ್ಗದ ಕೋರ್ಟಿಗೆ ಬರುತ್ತೇನೆ. ಸಾಕ್ಷಿಗಳು ಒಬ್ಬರ ಮಾತು ಒಬ್ಬರು ಕೇಳಬಾರದಂತೆ, ಹಾಗಾಗಿ ನೀನು ಹೇಳುವಾಗ ನಾನು ಹೊರಗೆ ಬೆಂಚಿನ ಮೇಲೆ ಇರುತ್ತೇನೆ. ಬಾಗಿಲಿನ ಈಚೆಯೇ ಇದ್ದೇನೆಂದು ತಿಳಿ.

ಈರೇಶ್ ಬರುತ್ತಾರೆಯೇ? ನೀನು ಧರ್ಮಾವರದ ಸುದ್ದಿಯನ್ನೇ ಬರೆಯುತ್ತಿಲ್ಲ.

ಶಾಂತಕುಮಾರಿ


ಮೊಳಕಾಲ್ಮೂರು
18-10-1998

ಪೂಜ್ಯ ಮೇಡಂ ಅವರಿಗೆ,

ಒಳಗೆ ನಡೆದದ್ದನ್ನು ಬಸ್ಸು ಹೊರಡುವ ಅವಸರದಲ್ಲಿ ನಿಮಗೆ ಹೇಳಲಾಗಲಿಲ್ಲ.

ಅವತ್ತು ಒಬ್ಬಳೇ ಹೊರಟಿದ್ದೆ. ಬಸ್‌ಸ್ಟ್ಯಾಂಡಿಗೆ ಬಂದಾಗ ಹಿಂದಿನಿಂದ ಅತ್ತೆ ಬಂದರು, ಒಗೆದ ಸೀರೆ ಉಟ್ಟು. “ಒಂಟಿಗೆ ಪೋತಾವಾ? ನಡಿ” ಅಂದರು. ವರ್ಷದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಹೋಗುವುದು ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ.

ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ಆಮೇಲೆ ಅಶ್ವಥ್ ಪರ ವಕೀಲರು ಎದ್ದರು. ಅವರ ಕೈಯಲ್ಲಿ ‘ಹೆಪ್ಪುಗಟ್ಟಿದ ಕೆರೆ’ ಇತ್ತು ಮೇಡಂ. ನಾಗಭೂಷಣರೇ ತಂದುಕೊಟ್ಟಿರಬೇಕು.

“ಈ ಕೊಲೆ ಕಾದಂಬರಿ ನೀವು ಓದಿದ್ದೀರಾ?”

“ಓದಿದೀನಿ.”

“ಇದರಲ್ಲೂ ಪಕ್ಕದ ಮನೆ ಹೆಂಗಸೊಬ್ಬಳು ಕೊಲೆ ನೋಡ್ತಾಳೆ, ಬಹಳ ದಿನ ಸುಮ್ಮನಿರ್ತಾಳೆ, ಆಮೇಲೆ ಪೊಲೀಸರಿಗೆ ಹೇಳ್ತಾಳೆ. ಹೌದೋ ಅಲ್ವೋ?”

“ಹೌದು.”

“ಸ್ವೀಡನ್ನಿನ ಆ ಮುದುಕಿಯ ಕಥೆಯನ್ನೇ ನಿಮ್ಮ ಹಿತ್ತಲಿಗೆ ತಂದು ಕಟ್ಟಿದ್ದೀರಿ. ನೀವು ಏನೂ ನೋಡಿಲ್ಲ. ಓದಿದ್ದೀರಿ, ಅಷ್ಟೇ.”

ಹಿಂದೆ ಕೂತವರು ನಕ್ಕರು. ನಮ್ಮ ಬೀದಿಯವರೇ ಬಹಳ ಜನ ಬಂದಿದ್ದರು. ನನಗೆ ಸಿಟ್ಟು ಬರಲಿಲ್ಲ. ನಿಮ್ಮ ತರಗತಿಯಲ್ಲಿ ಎದ್ದು ನಿಂತ ಹಾಗೆ ಇತ್ತು.

“ಸ್ವಾಮಿ, ಪುಷ್ಪಾ ಸತ್ತಿದ್ದು ದೀಪಾವಳಿ ಆದ ವಾರ. ಈ ಪುಸ್ತಕ ನನ್ನ ಕೈಗೆ ಬಂದಿದ್ದು ಸಂಕ್ರಾಂತಿ ಕಳೆದ ಮೇಲೆ. ಕಂಡಿದ್ದು ಮೊದ್ಲು, ಓದಿದ್ದು ಆಮೇಲೆ. ಕಳಿಸಿದೋರು ಹೊರಗೇ ಕುಂತಿದಾರೆ, ಕೇಳ್ರಿ.”

ಜಡ್ಜ್ ಅವರು ಅದನ್ನು ಬರೆಸಿಕೊಂಡರು. ವಕೀಲರು ಪುಸ್ತಕವನ್ನು ಮೇಜಿನ ಮೇಲಿಟ್ಟು ಬೇರೆ ಪ್ರಶ್ನೆಗೆ ಹೋದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು. ಯಾರೂ ಕೇಳಲಿಲ್ಲ, ನಾನಾಗಿ ಹೇಳಲು ಹೆದರಿಕೆಯಾಯಿತು ಎಂದೆ. ಈಗ ಹೆದರಿಕೆ ಇಲ್ಲವೇ ಎಂದರು. ಇದೆ ಎಂದೆ. ಆಮೇಲೆ ನಿಮ್ಮನ್ನು ಕರೆದರು.

ಒಂದು ದೂರು ಇದೆ. ಸಾಕ್ಷಿ ಹೇಳುವ ಹೆಂಗಸಿನ ಪರ ನಿಂತಿರಿ ಎಂದು ನಾಗಭೂಷಣ ಮತ್ತು ಅವರ ಕಡೆಯವರು ಬಳಗ ಬಿಟ್ಟಿದ್ದಾರಂತೆ, ಸಭೆಗೆ ಕೊಡುತ್ತಿದ್ದ ಕೊಠಡಿಯೂ ಹೋಗಿದೆಯಂತೆ. ತಿಪ್ಪೇರುದ್ರಪ್ಪನವರು ಹೇಳಿದರು. ಬಳಗ ಚೆನ್ನಾಗಿದೆ ಎಂದು ನೀವು ಪ್ರತಿ ಸಲ ಬರೆಯುತ್ತಿದ್ದಿರಿ. ನಾನು ಈರೇಶ್ ವಿಷಯ ಮುಚ್ಚಿಟ್ಟೆ, ನೀವು ಬಳಗದ ವಿಷಯ ಮುಚ್ಚಿಟ್ಟಿರಿ. ಈರೇಶ್ ಹೋದಾಗಿನಿಂದ ಒಂದು ಸಲವೂ ಬಂದಿಲ್ಲ ಮೇಡಂ. ಈಗ ಹೇಳಿದ್ದೇನೆ.

ರೂಪ


ಚಳ್ಳಕೆರೆ
25-10-1998

ಪ್ರಿಯ ರೂಪ,

ಕೊಠಡಿ ಹೋದರೆ ಹೋಗಲಿ, ನಮ್ಮ ಮನೆಯ ಮುಂದಿನ ಬೇವಿನ ಮರದಡಿ ಸೇರುತ್ತೇವೆ. ಉಳಿದವರು ಸಿದ್ದಕ್ಕ, ತಿಪ್ಪೇರುದ್ರಪ್ಪ ಮತ್ತು ನಾನು. ಮುಂದಿನ ಪುಸ್ತಕವನ್ನು ನೀನೇ ಆರಿಸಬೇಕೆಂದು ಮೂವರೂ ಸೇರಿ ನಿರ್ಣಯ ಮಾಡಿದ್ದೇವೆ.

ಮುಚ್ಚಿಟ್ಟದ್ದು ನಿನ್ನ ಭಾರ ಹೆಚ್ಚಿಸಬಾರದೆಂದು. ಇನ್ನು ಮುಚ್ಚಿಡುವುದಿಲ್ಲ.

ಶಾಂತಕುಮಾರಿ


ಮೊಳಕಾಲ್ಮೂರು
21-3-1999

ಪೂಜ್ಯ ಮೇಡಂ ಅವರಿಗೆ,

ತೀರ್ಪು ನಿಮಗೆ ತಿಪ್ಪೇರುದ್ರಪ್ಪನವರಿಂದ ಗೊತ್ತಾಗಿರುತ್ತದೆ. ಅಶ್ವಥ್‌ಗೆ ಶಿಕ್ಷೆಯಾಯಿತು. ಅಪೀಲು ಹೋಗುತ್ತಾರಂತೆ, ಹೋಗಲಿ. ಕರೆದರೆ ಬೆಂಗಳೂರಿಗೂ ಹೋಗಿ ಅದನ್ನೇ ಹೇಳುತ್ತೇನೆ.

ಈರೇಶ್ ಯುಗಾದಿಗೆ ಬಂದರು. ಬಾಗಿಲಲ್ಲಿ ಚೀಲ ಇಟ್ಟು ನಿಂತೇ ಇದ್ದರು. ಅತ್ತೆ, “ಒಳಗೆ ಬಾ, ಇದು ಅವಳು ಕಾದಿಟ್ಟ ಮನೆ” ಅಂದರು. ಅವರು ಚೀಲ ಎತ್ತಿಕೊಂಡು ಒಳಗೆ ಬಂದರು. ಮರುದಿನ ಮಗ್ಗದ ಧೂಳು ಒರೆಸಿ ಹಗ್ಗ ಬಿಗಿದರು. ನನ್ನ ಮೇಲೆ ಅವರಿಗೆ ಸಿಟ್ಟು ಇನ್ನೂ ಇದೆ. ನನಗೂ ಇದೆ. ಆದರೂ ಒಂದೇ ಮನೆಯಲ್ಲಿದ್ದೇವೆ, ಮುಂದಿನದನ್ನು ನೋಡೋಣ.

ಬರೆಯಬೇಕಾದದ್ದು ಬೇರೆ. ನಿನ್ನೆ ಪುಷ್ಪಾಳ ತಾಯಿ ಬಂದಿದ್ದರು. ತಿಪ್ಪಮ್ಮ ಎಂದು ಹೆಸರು. ಕೋರ್ಟಿನಲ್ಲಿ ದೂರದಿಂದ ನೋಡಿದ್ದೆನೇ ಹೊರತು ಮಾತಾಡಿರಲಿಲ್ಲ. ಪರಶುರಾಂಪುರದಿಂದ ಬಸ್ಸು ಬದಲಿಸಿಕೊಂಡು ಒಬ್ಬರೇ ಬಂದಿದ್ದರು. ನನ್ನ ಕೈ ಹಿಡಿದು ಹೊಗಳುತ್ತಾರೇನೋ ಎಂದು ನನಗೆ ಸಂಕೋಚವಾಗುತ್ತಿತ್ತು. ಅವರು ಹಾಗೇನೂ ಮಾಡಲಿಲ್ಲ. ಹಿತ್ತಲು ತೋರಿಸು ಎಂದರು. ಬೆನ್ನು ಬಾಗಿದ ಅವರಿಗೆ ಗೋಡೆ ಎಟುಕಲಿಲ್ಲ; ಅತ್ತೆ ಕಲ್ಲಿನ ಮೇಲೆ ಕಲ್ಲಿಟ್ಟು ಕೊಟ್ಟರು, ಅದರ ಮೇಲೆ ಹತ್ತಿ ಗೋಡೆಯಾಚೆ ನೋಡಿದರು. ಆಚೆ ಮನೆಗೆ ಈಗ ಬೀಗ.

ಬಹಳ ಹೊತ್ತು ನೋಡಿದರು. ಇಳಿದು ಗೋಡೆಗೆ ಒರಗಿ ಕೂತರು. ನಾನೂ ಕೂತೆ. ಆಮೇಲೆ ಮೆಲ್ಲಗೆ ಕೇಳಿದರು.

“ಅವತ್ತು ಉಂಡಿದ್ಲೇನಮ್ಮ?”

ಮೇಡಂ, ಪೊಲೀಸರು ನನ್ನನ್ನು ಏನೇನೋ ಕೇಳಿದ್ದರು. ವಕೀಲರು ಕೇಳಿದ್ದರು. ಎಲ್ಲಿ ನಿಂತಿದ್ದೆ, ಬಿಸಿಲು ಎಷ್ಟಿತ್ತು, ಕಲ್ಲು ಎಷ್ಟು ದೂರ ಎಂದು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ನನ್ನಲ್ಲಿತ್ತು.

“ಉಂಡಿದ್ಲು ಕಣವ್ವ. ಬೆಳಿಗ್ಗೆ ಜೋಳದ ರೊಟ್ಟಿ ಮಾಡಿದ್ಲು. ಗೋಡೆ ಮೇಲಿಂದ ನನ್ನತ್ರ ಶೇಂಗಾ ಚಟ್ನಿ ಇಸ್ಕಂಡ್ಲು. ಖಾರ ಸಾಲ್ದು ಅಂತ ನಗಾಡಿದ್ಲು.”

“ನಗಾಡಿದ್ಲಾ?”

“ನಗಾಡಿದ್ಲು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಅತ್ತೆ ಒಳಗೆ ಎಲೆ ಹಾಕಿದ್ದರು. ತಿಪ್ಪಮ್ಮ ಉಂಡೇ ಹೋದರು.

ನಿಮ್ಮ
ರೂಪ